ಹರಿದ ಪುಸ್ತಕವನ್ನು ಎಸೆಯುವ ಮುನ್ನ

ಆತ್ಮೀಯ ಪೋಷಕರೇ,

ನಮಸ್ಕಾರ.

ಐದರಿಂದ ಏಳನೇ ತರಗತಿಯ ಮಕ್ಕಳು ಮನೆಯ ಅಟ್ಟ, ಕಪಾಟು, ಮಂಚದ ಕೆಳಗಿನ ಪೆಟ್ಟಿಗೆ ಒಂದನ್ನೂ ಬಿಡದೆ ಜಾಲಾಡುತ್ತಿದ್ದಾರೆಂದು ಕೆಲವರು ಫೋನ್ ಮಾಡಿ ತಿಳಿಸಿದ್ದೀರಿ. ಅದಕ್ಕೆ ಕಾರಣ ನಾವೇ. ಹಳೆಯ ಮಕ್ಕಳ ಪುಸ್ತಕಗಳನ್ನು ಕಾಪಿಟ್ಟಿರುವ ಗ್ರಂಥಾಲಯಗಳ ಬಗ್ಗೆ ಈ ತಿಂಗಳು ಗ್ರಂಥಾಲಯದ ಅವಧಿಯಲ್ಲಿ ಪಾಠ ನಡೆಯುತ್ತಿದೆ. ಅಲ್ಲಿನ ಪುಟಗಳನ್ನು ಪರದೆಯ ಮೇಲೆ ನೋಡಿದ ಮಕ್ಕಳಿಗೆ, ತಮ್ಮ ಮನೆಯಲ್ಲೂ ನಿಧಿ ಇರಬಹುದೆಂಬ ಗುಮಾನಿ ಹುಟ್ಟಿದೆ. "ಹರಿದ ಪುಸ್ತಕ ಇಟ್ಟುಕೊಂಡು ಏನು ಮಾಡುತ್ತೀರಿ ಮೇಡಂ?" ಎಂದು ಒಬ್ಬ ತಂದೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಮಾತ್ರ ಕೊಂಚ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಯಾರೂ ತೆರೆಯದ ದಪ್ಪ ಗ್ರಂಥಗಳು ಶತಮಾನಗಟ್ಟಲೆ ಕ್ಷೇಮವಾಗಿ ಉಳಿಯುತ್ತವೆ. ಮಕ್ಕಳು ಮೆಚ್ಚಿ ಓದಿದ ಪುಸ್ತಕ, ಓದಿಸಿಕೊಂಡ ತಪ್ಪಿಗೇ ಚಿಂದಿಯಾಗುತ್ತದೆ. ಜಾನ್ ನ್ಯೂಬೆರಿ ಎಂಬ ಪ್ರಕಾಶಕರು 1744ರಲ್ಲಿ ಲಂಡನ್ನಿನಲ್ಲಿ ಮಕ್ಕಳಿಗೆಂದೇ ಒಂದು ಪುಟ್ಟ ಪುಸ್ತಕ ತಂದರು. ಅದರ ಜೊತೆಗೆ ಹುಡುಗರಿಗೆ ಚೆಂಡು, ಹುಡುಗಿಯರಿಗೆ ಸೂಜಿ ಚುಚ್ಚಿಡುವ ಮೆತ್ತೆ ಸಿಗುತ್ತಿತ್ತು. ಎರಡಕ್ಕೂ ಒಂದು ಬದಿ ಕೆಂಪು, ಇನ್ನೊಂದು ಬದಿ ಕಪ್ಪು: ಒಳ್ಳೆಯ ನಡತೆಗೆ ಕೆಂಪಿನಲ್ಲಿ ಒಂದು ಗುಂಡುಸೂಜಿ, ತುಂಟತನಕ್ಕೆ ಕಪ್ಪಿನಲ್ಲಿ ಒಂದು. (ಈ ಉಪಾಯವನ್ನು ನಮ್ಮ ಶಾಲೆಯಲ್ಲಿ ಜಾರಿಗೆ ತರುವ ಯೋಚನೆ ನನಗಿಲ್ಲ.) ಅಷ್ಟು ಜನಪ್ರಿಯವಾದ ಆ ಪುಸ್ತಕದ ಮೊದಲ ಮುದ್ರಣದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದೇ ವರ್ಷ ಬಂದ, ಅಂಗೈಗಿಂತ ಚಿಕ್ಕದಾದ ಶಿಶುಗೀತೆಗಳ ಸಂಕಲನವೊಂದರ ಕಥೆಯೂ ಹೆಚ್ಚುಕಡಿಮೆ ಇದೇ. ನಿಮ್ಮ ಮಕ್ಕಳು ಶಿಶುವಿಹಾರದಲ್ಲಿ ಹಾಡಿದ 'ಬಾ ಬಾ ಬ್ಲ್ಯಾಕ್ ಶೀಪ್' ಅಚ್ಚಾದದ್ದು ಆ ಸಂಕಲನದಲ್ಲಿ. ಅದರ ಎರಡನೇ ಸಂಪುಟದ ಎರಡೇ ಎರಡು ಪ್ರತಿಗಳು ಗೊತ್ತಿವೆ: ಒಂದು ಬ್ರಿಟಿಷ್ ಲೈಬ್ರರಿಯಲ್ಲಿ, ಇನ್ನೊಂದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ.

ಅಚ್ಚಾದ ಪುಸ್ತಕಗಳ ಪಾಡೇ ಹೀಗಾದರೆ, ಮನೆಯಲ್ಲಿ ಕೈಯಿಂದ ಮಾಡಿದವು ಉಳಿಯುವುದು ಪವಾಡವೇ ಸರಿ. ಅಂಥದ್ದೊಂದು ಪವಾಡ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಲಿಲ್ಲಿ ಲೈಬ್ರರಿಯಲ್ಲಿದೆ. ಜೇನ್ ಜಾನ್ಸನ್ ಎಂಬವರು ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಆಲ್ನಿ ಎಂಬ ಊರಿನ ಪಾದ್ರಿಯ ಪತ್ನಿ. ಲೇಖಕಿಯಲ್ಲ, ಶಿಕ್ಷಕಿಯೂ ಅಲ್ಲ. ತಮ್ಮ ಮಕ್ಕಳಿಗೆ ಓದು ಕಲಿಸಲು 1740ರ ದಶಕದಲ್ಲಿ ಅಕ್ಷರದ ಕಾರ್ಡು, ಪದಗಳ ಕಾರ್ಡು, ಪದ್ಯದ ಸಾಲುಗಳು, ಪುಟಾಣಿ ಪುಸ್ತಕ ಎಂದು ಒಂದೊಂದಾಗಿ ಮಾಡುತ್ತಾ ಹೋದರು. ಈಗ ಉಳಿದಿರುವ ತುಣುಕುಗಳು 438. ಎಲ್ಲಿಂದಲೋ ಕತ್ತರಿಸಿ ತೆಗೆದ ಚಿತ್ರ, ಅದರ ಕೆಳಗೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ತಾವೇ ಬರೆದ ಸಾಲು, ಅಂಚಿಗೆ ಹೂಬಳ್ಳಿಯ ಬಣ್ಣದ ಕಾಗದ. ಪರದೆಯ ಮೇಲೆ ಆ ಕಾರ್ಡುಗಳನ್ನು ಕಂಡಾಗ ಆರನೇ ತರಗತಿಯವರು ಒಂದು ನಿಮಿಷ ಮಾತಾಡಲಿಲ್ಲ. ಆರನೇ ತರಗತಿಯನ್ನು ಬಲ್ಲವರಿಗೆ ಇದರ ಅರ್ಥ ಗೊತ್ತು.

1744ರಲ್ಲಿ ಜೇನ್ ಜಾನ್ಸನ್ ಅವರೇ ತಮ್ಮ ಮಕ್ಕಳಿಗಾಗಿ ಬರೆದ ಕಥೆಯೊಂದರ ಹಸ್ತಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿದೆ. ಆದರೆ ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಆ ತಾಯಿಯ ಮಗಳು ಬಾರ್ಬರಾಳ ಸಂಗತಿ. ಇನ್ನೂ ಎಂಟು ವರ್ಷದವಳಿದ್ದಾಗ, ಅಂದರೆ 1746ರಿಂದ, ತಾನು ಹೊಲಿಸಿಕೊಂಡ ಬಟ್ಟೆಗಳ ಚೂರುಗಳು ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಸೇರತೊಡಗಿದವು. ಪ್ರತಿ ಚೂರಿನ ಪಕ್ಕದಲ್ಲಿ ಯಾವ ಉಡುಪು, ಎಷ್ಟು ಗಜ, ಬೆಲೆ ಎಷ್ಟು ಎಂಬ ಟಿಪ್ಪಣಿ. 1823ರವರೆಗೂ, ಮುದುಕಿಯಾಗುವವರೆಗೂ, ಅದು ಬೆಳೆಯುತ್ತಲೇ ಹೋಯಿತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಈಗಲೂ ಆ ಪುಸ್ತಕ ಇದೆ. ಕತ್ತರಿಸಿ, ಅಂಟಿಸಿ, ಪಕ್ಕದಲ್ಲಿ ಬರೆಯುವ ಅಭ್ಯಾಸ ಆಕೆಗೆ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ಇದು ತಾಯಂದಿರ ಕೆಲಸ ಮಾತ್ರ ಎಂದು ತಂದೆಯರು ಪತ್ರ ಮಡಿಸಬಾರದು. ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಷ್ ಹಾಫ್‌ಮನ್ 1844ರ ಕ್ರಿಸ್‌ಮಸ್ಸಿಗೆ ಮೂರು ವರ್ಷದ ಮಗನಿಗೆ ಪುಸ್ತಕ ಹುಡುಕಿಕೊಂಡು ಹೋಗಿ, ಮನಸ್ಸಿಗೆ ಒಪ್ಪುವುದು ಸಿಗದೆ, ಒಂದು ಖಾಲಿ ನೋಟ್‌ಪುಸ್ತಕ ಕೊಂಡು ಮನೆಗೆ ಬಂದರು. ಪದ್ಯ, ಚಿತ್ರ ಎಲ್ಲ ತಾವೇ ತುಂಬಿಸಿದರು. ಅದು ಮರುವರ್ಷ ಅಚ್ಚಾಗಿ ಲೋಕವನ್ನೇ ಸುತ್ತಿತು. ಅದರಲ್ಲಿ ಹೆಬ್ಬೆರಳು ಚೀಪುವ ಹುಡುಗನ ಹೆಬ್ಬೆರಳುಗಳನ್ನು ದರ್ಜಿಯೊಬ್ಬ ದೊಡ್ಡ ಕತ್ತರಿಯಿಂದ ಕತ್ತರಿಸಿ ಹಾಕುತ್ತಾನೆ! ಹಳೆಯದೆಲ್ಲ ಮಕ್ಕಳಿಗೆ ಹಿತವಾದದ್ದೇ ಎಂದು ನಾನು ಹೇಳುತ್ತಿಲ್ಲ. ಇಂಥವನ್ನು ಮಕ್ಕಳಿಗೆ ತೋರಿಸುವಾಗ, ಆ ಕಾಲದ ಹಿರಿಯರು ಮಕ್ಕಳನ್ನು ಹೇಗೆ ಕಾಣುತ್ತಿದ್ದರು ಎಂಬುದನ್ನೂ ಕೂಡಿಸಿಯೇ ಮಾತಾಡುತ್ತೇವೆ. ಬೆರಳು ಕತ್ತರಿಸುವ ಪುಟ ಕಂಡು ನಮ್ಮ ಮಕ್ಕಳು ಹೆದರಲಿಲ್ಲ, ಬಿದ್ದು ಬಿದ್ದು ನಕ್ಕರು. ಹೆದರಿದವರು ಇಬ್ಬರು ಶಿಕ್ಷಕರು.

ಇಂಗ್ಲೆಂಡಿನ ಮಕ್ಕಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಅವರ ಹೆಸರಾಂತ ಮೊಲದ ಕಥೆ 'ಪೀಟರ್ ರ‍್ಯಾಬಿಟ್'ನ ಮೂಲವೂ ಪುಸ್ತಕವಲ್ಲ, ಕಾಗದ. 1893ರ ಸೆಪ್ಟೆಂಬರ್ 4ರಂದು, ಹಾಸಿಗೆ ಹಿಡಿದಿದ್ದ ಐದು ವರ್ಷದ ನೋಯೆಲ್ ಎಂಬ ಹುಡುಗನಿಗೆ, ಏನು ಬರೆಯಲಿ ಎಂದು ತೋಚದೆ, ನಾಲ್ಕು ಮೊಲಗಳ ಕಥೆಯನ್ನು ಚಿತ್ರಸಹಿತ ಬರೆದು ಕಳಿಸಿದರು. ವರ್ಷಗಳ ನಂತರ ಅದನ್ನು ಪುಸ್ತಕ ಮಾಡಬೇಕೆನಿಸಿದಾಗ, ಕಾಗದ ಇನ್ನೂ ಇದೆಯೇ ಎಂದು ಆ ಹುಡುಗನನ್ನೇ ಕೇಳಬೇಕಾಯಿತು. ಅವನು ಜೋಪಾನವಾಗಿ ಇಟ್ಟುಕೊಂಡಿದ್ದ. ಇಟ್ಟುಕೊಳ್ಳದೇ ಹೋಗಿದ್ದರೆ?

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. 'ಆಲಿಸ್ ಇನ್ ವಂಡರ್‌ಲ್ಯಾಂಡ್' ಬರೆದ ಲೂಯಿಸ್ ಕ್ಯಾರಲ್ ಅವರು ಆಲಿಸ್ ಎಂಬ ಹುಡುಗಿಗೆ 1864ರಲ್ಲಿ ಕೊಟ್ಟ ಕೈಬರಹದ ಕಥೆ, ಅವರೇ ಬಿಡಿಸಿದ 37 ಚಿತ್ರಗಳ ಸಮೇತ, ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೊನೆಯ ಪುಟದಲ್ಲಿ ಆಲಿಸ್‌ಳ ಪುಟ್ಟ ಫೋಟೋ ಅಂಟಿಸಲಾಗಿದೆ. 1977ರಲ್ಲಿ ವಿದ್ವಾಂಸರೊಬ್ಬರ ಗಮನ ಆ ಫೋಟೋದ ಮೇಲೆ ಬಿತ್ತು. ಅದರ ಅಡಿಯಲ್ಲಿ ಕ್ಯಾರಲ್ ಬಿಡಿಸಿದ್ದ ಆಲಿಸ್‌ಳ ಮುಖವಿತ್ತು! ಬಿಡಿಸಿದ್ದು ಮನಸ್ಸಿಗೆ ಬರಲಿಲ್ಲವೋ ಏನೋ, ಫೋಟೋ ಅಂಟಿಸಿ ಮುಚ್ಚಿಬಿಟ್ಟಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಎಲ್ಲರ ಕಣ್ಣೆದುರೇ ಇದ್ದ ಪುಟ ಅದು.

ಹರಿದ ಪುಸ್ತಕದ ಪ್ರಶ್ನೆಗೆ ನೇರ ಉತ್ತರ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿದೆ. ರೂತ್ ಬಾಲ್ಡ್ವಿನ್ ಎಂಬ ಪ್ರಾಧ್ಯಾಪಕಿ ದಶಕಗಳ ಕಾಲ ಮಕ್ಕಳ ಪುಸ್ತಕಗಳನ್ನು ಕಲೆಹಾಕಿದರು. ಅವರ ಹೆಸರಿನ ಸಂಗ್ರಹದಲ್ಲಿ ಇಂದು ಲಕ್ಷಕ್ಕೂ ಮಿಕ್ಕಿ ಪುಸ್ತಕಗಳಿವೆ, ಸಾವಿರಾರು ಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಇತರ ಸಂಗ್ರಾಹಕರು ಕಲೆಯಿಲ್ಲದ ಹೊಚ್ಚಹೊಸ ಪ್ರತಿಗಳ ಬೆನ್ನುಹತ್ತಿದರೆ, ಈಕೆಗೆ ಮಕ್ಕಳು ಹೆಸರು ಬರೆದ, ಗೀಚಿದ, ಬಣ್ಣ ಬಳಿದ ಪ್ರತಿಗಳೇ ಪ್ರಿಯ. ಅಚ್ಚಾದ ಸಾಲು ಹಿರಿಯರದ್ದು. ಗೀಚಿದ್ದು ಮಾತ್ರ ಮಗುವಿನದ್ದು. ಹಾಗೆಂದು ಶಾಲೆಯ ಗ್ರಂಥಾಲಯದ ಪುಸ್ತಕದಲ್ಲಿ ಗೀಚಿದರೆ ದಂಡ ಮೊದಲಿನಂತೆಯೇ ಇದೆ. ಈ ವಾಕ್ಯವನ್ನು ದಯವಿಟ್ಟು ಮಕ್ಕಳಿಗೂ ಓದಿ ಹೇಳಿ.

ಪತ್ರ ಬರೆದು ಪುಸ್ತಕ ಬೇಡುವುದರಲ್ಲಿ ನಾನು ಮೊದಲಿಗಳಲ್ಲ. ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೇ ಯೆಲ್ಲಾ ಲೆಪ್‌ಮನ್ ಎಂಬ ಮಹಿಳೆ, ಪಾಳುಬಿದ್ದ ಜರ್ಮನಿಯ ಮಕ್ಕಳಿಗಾಗಿ ಪುಸ್ತಕ ಕಳಿಸಿರೆಂದು ಇಪ್ಪತ್ತು ದೇಶಗಳಿಗೆ ಪತ್ರ ಬರೆದರು. ಜರ್ಮನಿಯ ದಾಳಿಗೆ ಎರಡು ಸಲ ತುತ್ತಾಗಿದ್ದ ಬೆಲ್ಜಿಯಂ ಮೊದಲು ಒಲ್ಲೆ ಎಂದಿತು. ಆಕೆ ಮತ್ತೆ ಬರೆದರು, ಪುಸ್ತಕಗಳು ಬಂದವು. ಅವುಗಳಿಂದ 1946ರಲ್ಲಿ ಪ್ರದರ್ಶನ ನಡೆಯಿತು, 1949ರಲ್ಲಿ ಮ್ಯೂನಿಕ್‌ನಲ್ಲಿ ಮಕ್ಕಳ ಸಾಹಿತ್ಯಕ್ಕೆಂದೇ ಅಂತರರಾಷ್ಟ್ರೀಯ ಗ್ರಂಥಾಲಯ ತೆರೆಯಿತು. ನನ್ನ ಬೇಡಿಕೆ ಅಷ್ಟು ದೊಡ್ಡದಲ್ಲ. ನಮ್ಮ ಗ್ರಂಥಾಲಯದ ಒಂದು ಕಪಾಟನ್ನು ಖಾಲಿ ಮಾಡಿಸಿದ್ದೇವೆ. ನಿಮ್ಮ ಮನೆಯಲ್ಲಿ ಮಕ್ಕಳ ಹಳೆಯ ಪುಸ್ತಕ, ಮಾಸಪತ್ರಿಕೆ, ಅಜ್ಜ ಅಜ್ಜಿಯ ಕಾಲದ ಪಠ್ಯ, ನೀವೇ ಮಗುವಿಗೆಂದು ಬರೆದ ಕಥೆ, ಕೈಯಿಂದ ಮಾಡಿದ ಅಕ್ಷರದ ಕಾರ್ಡು, ಏನಿದ್ದರೂ ಈ ತಿಂಗಳ ಕೊನೆಯೊಳಗೆ ಕಳುಹಿಸಿ. ಅದನ್ನು ನೋಡಿ, ಪುಟಗಳ ಫೋಟೋ ತೆಗೆದು, ವಾಪಸ್ ಬೇಕೆಂದವರಿಗೆ ರಸೀದಿಯ ಮೇಲೆ ಹಿಂದಿರುಗಿಸುತ್ತೇವೆ. ಕೈಬಿಡಲು ಮನಸ್ಸಿಲ್ಲದಷ್ಟು ಅಮೂಲ್ಯವಾದದ್ದನ್ನು ಕಳುಹಿಸಲೇಬೇಡಿ, ಮೊಬೈಲಿನಲ್ಲಿ ತೆಗೆದ ಫೋಟೋ ಸಾಕು.

ಕಳುಹಿಸುವ ಮೊದಲು ಚೊಕ್ಕಟ ಮಾಡುವ ಉತ್ಸಾಹ ಬೇಡ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ: ಅದರ ಅಂಟು ಕಾಲಕ್ರಮೇಣ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ತೆಗೆಯುವುದು ಕಷ್ಟ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪೆನ್ಸಿಲಿನ ಗೀಚುಗಳನ್ನು ಅಳಿಸಬೇಡಿ. ಪುಸ್ತಕ ಯಾರದ್ದು, ಯಾರು ಓದಿದ್ದು, ಯಾರು ಕೊಡಿಸಿದ್ದು ಎಂಬುದನ್ನು ಬೇರೆ ಚೀಟಿಯಲ್ಲಿ ಬರೆದು ಒಳಗಿಡಿ. ಮನೆಯ ಹಿರಿಯರನ್ನು ಮಕ್ಕಳೇ ಕೇಳಿ ಬರೆದರೆ ಇನ್ನೂ ಒಳ್ಳೆಯದು. ಮುಟ್ಟಲು ಬಿಳಿ ಕೈಗವಸು ಬೇಕೇ ಎಂದು ಮಕ್ಕಳು ಕೇಳಿದ್ದಾರೆ. ಬೇಡ, ತೊಳೆದು ಚೆನ್ನಾಗಿ ಒರೆಸಿಕೊಂಡ ಕೈ ಸಾಕು. ಕೈಗವಸು ತೊಟ್ಟರೆ ತೆಳುವಾದ ಪುಟ ಬೆರಳಿಗೆ ತಿಳಿಯದೆ ಹರಿಯುವುದೇ ಹೆಚ್ಚು.

ಗೆದ್ದಲೋ ಪುಸ್ತಕದ ಹುಳುವೋ ಹತ್ತಿದ್ದು ಕಂಡರೆ ಅಂಥ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮಗುವಿನ ಚೀಲದಲ್ಲಿ ಕಳುಹಿಸದೆ, ಮೊದಲು ಕಚೇರಿಗೆ ಫೋನ್ ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ