+1 ಎಂದರೆ ಅಮೆರಿಕ, ಕೆನಡಾ ಮಾತ್ರವಲ್ಲ: ಐಎಸ್‌ಡಿ ಪ್ಯಾಕ್ ಕುರಿತು ದೂರು

ದಾವಣಗೆರೆ
ಆಗಸ್ಟ್ 2024

ಇವರಿಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ

ವಿಷಯ: ಬಾರ್ಬಡೋಸ್ ಕರೆಗಳಿಗೆ ಪ್ಯಾಕ್ ಇದ್ದೂ ಹಾಕಿರುವ ಹೆಚ್ಚುವರಿ ಶುಲ್ಕವನ್ನು ಹಿಂತಿರುಗಿಸುವ ಬಗ್ಗೆ.

ಮಾನ್ಯರೇ,

ನಾನು ನಿಮ್ಮ ಹಳೆಯ ಪೋಸ್ಟ್‌ಪೇಯ್ಡ್ ಗ್ರಾಹಕ. ನನ್ನ ಮಗಳು ಬಾರ್ಬಡೋಸ್‌ನಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಟಿ20 ವಿಶ್ವಕಪ್ ಗೆದ್ದ ನಮ್ಮ ತಂಡ ಬೆರಿಲ್ ಚಂಡಮಾರುತದಿಂದಾಗಿ ಅಲ್ಲಿನ ರಾಜಧಾನಿ ಬ್ರಿಜ್‌ಟೌನ್‌ನಲ್ಲೇ ಉಳಿಯಬೇಕಾಯಿತಲ್ಲ, ಆಗ ಅವಳೂ ಅಲ್ಲೇ ಇದ್ದಳು. ವಾಟ್ಸ್‌ಆ್ಯಪ್ ಕರೆ ಹೋಗುತ್ತಿರಲಿಲ್ಲ. ಅವಳು ಬಾಡಿಗೆಗಿರುವ ಮನೆಯವರ ಲ್ಯಾಂಡ್‌ಲೈನ್ ಒಂದೇ ದಾರಿ. ಕರೆ ಮಾಡುವ ಮೊದಲೇ ನಿಮ್ಮ ಸಹಾಯವಾಣಿಗೆ ಆ ನಂಬರ್ ಓದಿ ಹೇಳಿದೆ. "ಪ್ಲಸ್ ಒನ್ ಅಲ್ವಾ ಸರ್, ಯುಎಸ್-ಕೆನಡಾ ಪ್ಯಾಕ್ ಹಾಕಿಸ್ಕೊಳ್ಳಿ, ಸಾಕು" ಎಂದರು. ನಿಮ್ಮ ಆ್ಯಪ್‌ನಲ್ಲೂ ಆ ಪ್ಯಾಕ್‌ನ ಪಕ್ಕ ಕಾಣುವುದು +1 ಅಷ್ಟೇ. ಹಾಕಿಸಿಕೊಂಡೆ. ಬಿಲ್ ಬಂದಾಗ ಆ ಕರೆಗಳೆಲ್ಲ ಪ್ಯಾಕ್‌ನಿಂದ ಹೊರಗಿವೆ, "ಬಾರ್ಬಡೋಸ್" ಎಂಬ ಹೆಸರಿನಡಿ, ಪ್ಯಾಕ್ ದರದ ಎಷ್ಟೋ ಪಟ್ಟು ದರಕ್ಕೆ.

+91 ಭಾರತದ್ದು, +94 ಶ್ರೀಲಂಕಾದ್ದು. +1 ಹಾಗೆ ಒಂದು ದೇಶದ ಕೋಡ್ ಅಲ್ಲ. 1947ರಲ್ಲಿ ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿ ರೂಪಿಸಿದ ಉತ್ತರ ಅಮೆರಿಕದ ನಂಬರ್ ವ್ಯವಸ್ಥೆಯೊಳಗೆ ಇಂದು 20 ದೇಶ, ಪ್ರದೇಶಗಳಿವೆ. ಅವಕ್ಕೆಲ್ಲ ಆರಂಭದ ಅಂಕಿ 1. ಅದರ ಮುಂದಿನ ಮೂರು ಅಂಕಿಗಳಿಂದಲೇ ಕರೆ ಎಲ್ಲಿಗೆ ಎಂಬುದು ಗೊತ್ತಾಗುವುದು. 212 ಬಂದರೆ ನ್ಯೂಯಾರ್ಕ್, 416 ಬಂದರೆ ಟೊರೊಂಟೊ, 246 ಬಂದರೆ ಬಾರ್ಬಡೋಸ್, 876 ಬಂದರೆ ಜಮೈಕಾ, 868 ಬಂದರೆ ಟ್ರಿನಿಡಾಡ್. ಹಿಂದೆ ಈ ಕೆರಿಬಿಯನ್ ದ್ವೀಪಗಳಿಗೆಲ್ಲ 809 ಎಂಬ ಒಂದೇ ಕೋಡ್ ಇತ್ತು. 1990ರ ದಶಕದ ನಡುವಿನಿಂದ ಒಂದೊಂದಕ್ಕೂ ಬೇರೆ ಕೋಡ್ ಸಿಕ್ಕಿತು, 809 ಡೊಮಿನಿಕನ್ ರಿಪಬ್ಲಿಕ್‌ಗೆ ಉಳಿಯಿತು. ಭೂಪಟ ನೋಡಿ ಊಹಿಸೋಣವೆಂದರೆ ಅದೂ ಆಗದು. ಅದೇ ಸಮುದ್ರದ ಕ್ಯೂಬಾಕ್ಕೆ +53, ಹೈಟಿಗೆ +509. ವೆಸ್ಟ್ ಇಂಡೀಸ್ ತಂಡದಲ್ಲಿ ಬಾರ್ಬಡೋಸ್‌ನವರ ಜೊತೆಗೇ ಆಡುವ ಗಯಾನಾದವರಿಗೆ +592.

ಇದೆಲ್ಲ ನಿಮಗೆ ಹೊಸದಲ್ಲ. ನಿಮ್ಮ ಬಿಲ್ಲಿಂಗ್ ಯಂತ್ರ 1246 ಎಂಬ ನಾಲ್ಕೂ ಅಂಕಿ ಓದಿಯೇ ನನಗೆ ದರ ಹಾಕಿದೆ. ದುಡ್ಡು ವಸೂಲಿ ಮಾಡುವಾಗ ನಾಲ್ಕು ಅಂಕಿ ನೋಡುವವರು ಪ್ಯಾಕ್ ಮಾರುವಾಗ ಒಂದೇ ಅಂಕಿ ತೋರಿಸುವುದು ಅನ್ಯಾಯ. ಪೋರ್ಟೊ ರಿಕೊ (787, 939) ಅಮೆರಿಕದ್ದೇ ಆಡಳಿತದಲ್ಲಿರುವ ದ್ವೀಪ. ಅದು ಈ ಪ್ಯಾಕ್‌ಗೆ ಸೇರುತ್ತದೆಯೇ ಎಂದು ಕೇಳಿದರೆ ಸಹಾಯವಾಣಿಯಲ್ಲಿ ಒಬ್ಬರು ಹೌದೆಂದರು, ಇನ್ನೊಬ್ಬರು ಇಲ್ಲವೆಂದರು.

ನನ್ನೊಬ್ಬನ ಹಣದ ಪ್ರಶ್ನೆಯಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಬೀದಿಯಲ್ಲೇ ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಹಲವಿವೆ. ಆ ಮನೆಗಳ ವಯಸ್ಸಾದ ತಂದೆತಾಯಿಗಳಿಗೆ +1 ಕಂಡರೆ ಮಗನದೇ ಕರೆ. ಒಂದು ಸಲ ರಿಂಗ್ ಮಾಡಿ ಇಟ್ಟುಬಿಟ್ಟು, ತಿರುಗಿ ಕರೆ ಮಾಡಿದವರಿಂದ ದುಡ್ಡು ಕೀಳುವ ಮೋಸಕ್ಕೆ ಗ್ರೆನಡಾದ 473, ಜಮೈಕಾದ 876ರಂಥ ಕೋಡ್‌ಗಳು ಬಳಕೆಯಾಗುತ್ತವೆ. ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ತನ್ನ ದೇಶದವರಿಗೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಾಗಿರುವಾಗ +1 ಎಂದರೆ ಯುಎಸ್, ಕೆನಡಾ ಎಂದು ನಿಮ್ಮವರೇ ಹೇಳಿಕೊಟ್ಟರೆ ಆ ಹಿರಿಯರನ್ನು ಕಾಯುವವರು ಯಾರು?

ಬಾರ್ಬಡೋಸ್ ಕರೆಗಳಿಗೆ ಪ್ಯಾಕ್ ದರವನ್ನೇ ಹಾಕಿ, ಹೆಚ್ಚು ತೆಗೆದುಕೊಂಡಿದ್ದನ್ನು ಮುಂದಿನ ಬಿಲ್‌ನಲ್ಲಿ ಕಳೆಯಬೇಕು. ನಾನು ಸಹಾಯವಾಣಿಯೊಂದಿಗೆ ಆಡಿದ ಮಾತಿನ ರೆಕಾರ್ಡಿಂಗ್ ನಿಮ್ಮಲ್ಲಿರುತ್ತದೆ, ತೆಗೆದು ಕೇಳಿ. ಪ್ಯಾಕ್‌ಗೆ ಸೇರದ ದ್ವೀಪಗಳ ಹೆಸರನ್ನು ಕೋಡ್ ಸಮೇತ ಆ್ಯಪ್‌ನಲ್ಲಿ, ಕನ್ನಡದಲ್ಲೂ, ಹಾಕಿ. ಅಂಥ ನಂಬರ್‌ಗೆ ಕರೆ ಸೇರುವ ಮುನ್ನ "ಈ ಕರೆ ನಿಮ್ಮ ಪ್ಯಾಕ್‌ಗೆ ಸೇರಿಲ್ಲ" ಎಂಬ ಧ್ವನಿ ಸಂದೇಶ ಬರಲಿ. ನಂಬರ್ ನೋಡಿ ದರ ಹಾಕುವ ವ್ಯವಸ್ಥೆಗೆ ಇದೇನೂ ಕಷ್ಟವಲ್ಲ.

ಮೊದಲು ಕೊಟ್ಟ ದೂರಿನ ಡಾಕೆಟ್ ಸಂಖ್ಯೆ, ಬಿಲ್‌ನ ಪ್ರತಿ, ಆ್ಯಪ್‌ನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಲಿಖಿತ ಉತ್ತರ ಬೇಕು. ಬಾರದಿದ್ದರೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಇದೇ ದಾಖಲೆಗಳೊಂದಿಗೆ ಅರ್ಜಿ ಹಾಕುತ್ತೇನೆ.

ಇಂತಿ,
ನಿಮ್ಮ ಪೋಸ್ಟ್‌ಪೇಯ್ಡ್ ಗ್ರಾಹಕ