‘ನಾನೇ ನೋಡ್ಕೊಂಡೆ’ ಅಂದ ಮಗಳಿಗೆ

ಪುಟ್ಟಿ,

ಮೊನ್ನೆ ರಾತ್ರಿ ಫೋನಲ್ಲಿ ನೀನು ಹೇಳಿದ್ದನ್ನ ನಾನು ಆವಾಗ್ಲೇ ಸರಿಯಾಗಿ ಕೇಳಿಸ್ಕೋಬೇಕಿತ್ತು. "ಏನಿಲ್ಲಪ್ಪಾ, ಒಬ್ಬ ಕುಡ್ದು ಸ್ಟೇಜ್ ಹತ್ತಿ ಬಂದು ಮೈಕ್ ಕಿತ್ಕೊಳ್ಳೋಕೆ ನೋಡ್ದ, ಹೆಗಲ ಮೇಲೆ ಕೈ ಹಾಕ್ದ, ನಾನೇ ನೋಡ್ಕೊಂಡೆ, ಹಾಡು ನಿಲ್ಲಿಸ್ಲಿಲ್ಲ" ಅಂದೆ. ನಾನು ಹುಷಾರು ಮಗಳೇ ಅಂತಷ್ಟೇ ಹೇಳಿ ಫೋನ್ ಇಟ್ಟೆ. ಆಮೇಲೆ ನಿದ್ದೆ ಹತ್ತಲಿಲ್ಲ. ಆ "ನಾನೇ" ಅನ್ನೋ ಮಾತು ಕಿವೀಲಿ ಕೂತ್ಬಿಡ್ತು. ನಿನ್ನ ಎಡಗಡೆ ಗಿಟಾರ್ ಹುಡುಗ ಇದ್ದ, ಬಲಗಡೆ ಬೇಸ್ ಗಿಟಾರಿನವನು, ಹಿಂದೆ ಡ್ರಮ್ಸು, ಇವರೆಲ್ಲ ಆಗ ಏನ್ ಮಾಡ್ತಿದ್ರು ಅಂತ ನಾನು ಕೇಳಲೇ ಇಲ್ಲ. ಕೇಳೋದೂ ಬೇಕಿರ್ಲಿಲ್ಲ, ನುಡಿಸ್ತಾ ಇದ್ರು ಅಂತ ನಂಗೆ ಗೊತ್ತು, ಯಾಕಂದ್ರೆ ನಾನೂ ಹಾಗೇ ನುಡಿಸ್ತಾ ನಿಂತಿದ್ದವನು.

ಇದನ್ನ ನಿಂಗೆ ಯಾವತ್ತೂ ಹೇಳಿಲ್ಲ. ನಾನು ಬೇಸ್ ನುಡಿಸ್ತಿದ್ದ ದಿನಗಳ ಬಗ್ಗೆ ಚೆನ್ನಾಗಿರೋ ಕಥೆಗಳನ್ನ ಮಾತ್ರ ಹೇಳಿದೀನಿ. ಆಗ ನಮ್ಮ ಬ್ಯಾಂಡಲ್ಲಿ ಹಾಡ್ತಿದ್ದೋಳು ನನಗಿಂತ ನಾಲ್ಕು ವರ್ಷ ಚಿಕ್ಕವಳು, ಹೆಸರು ಬೇಡ, ಒಳ್ಳೇ ಗಂಟಲು, ಎಂಥ ಗದ್ದಲದಲ್ಲೂ ಶ್ರುತಿ ಬಿಡ್ತಿರ್ಲಿಲ್ಲ. ಸ್ಟೇಜು ಅಂದ್ರೆ ನೆಲದಿಂದ ಒಂದಡಿ ಎತ್ತರ ಇತ್ತು ಅಷ್ಟೇ, ಮುಂದಿನ ಟೇಬಲ್ಲಿನವರು ಕೈ ಚಾಚಿದ್ರೆ ನಮ್ಮ ಮುಂದಿನ ಮಾನಿಟರ್ ಸ್ಪೀಕರ್ ಮುಟ್ಟಬಹುದಿತ್ತು. ಮೂರನೇ ಹಾಡು ನಡೀತಾ ಇರ್ಬೇಕಾದ್ರೆ ಒಬ್ಬ ಎದ್ದು ಬಂದು ಮೈಕ್ ಸ್ಟ್ಯಾಂಡ್ ಹಿಡ್ಕೊಂಡ. ಅವಳು ಕಣ್ಣು ಮುಚ್ಕೊಂಡು ಹಾಡ್ತಿದ್ಲು, ನೋಡ್ಲಿಲ್ಲ. ಅವನು ಸ್ಟ್ಯಾಂಡನ್ನ ತನ್ನ ಕಡೆ ಎಳೆದು ಕೈ ಬಿಟ್ಟ, ಅದು ವಾಪಸ್ ಬಂದು ಮೈಕಿನ ಜಾಲರಿ ನೇರ ಅವಳ ಹಲ್ಲಿಗೆ ಹೊಡೀತು. ಆ ಸದ್ದು ಸ್ಪೀಕರಲ್ಲಿ ಟಕ್ ಅಂತ ಇಡೀ ಕ್ಲಬ್ಬಿಗೆ ಕೇಳಿಸ್ತು. ಮುಂದಿನ ಹಲ್ಲಿನ ಒಂದು ಮೂಲೆ ಹೋಗಿತ್ತು ಅಂತ ಆಮೇಲೆ ಗೊತ್ತಾಯ್ತು. ಅವಳು ನಾಲಿಗೇಲಿ ಹಲ್ಲು ಸವರಿ ನೋಡ್ಕೊಂಡು, ತಿರುಗಿ ನನ್ನ ಕಡೆ ನೋಡಿದ್ಲು, ಅರ್ಧ ಸೆಕೆಂಡು ಇರ್ಬೇಕು. ನಾನು ತಲೆ ತಗ್ಗಿಸಿ ನನ್ನ ಬೇಸಿನ ತಂತಿ ಕೆಳಗಿನ ಫ್ರೆಟ್ ಪಟ್ಟಿ ನೋಡ್ದೆ. ನೋಡೋ ಅಗತ್ಯ ಏನೂ ಇರ್ಲಿಲ್ಲ, ಕತ್ತಲಲ್ಲೂ ನುಡಿಸ್ತಿದ್ದ ಲೈನ್ ಅದು. ಅವಳು ಮತ್ತೆ ಮುಂದೆ ತಿರುಗಿ ಇನ್ನೂ ಎರಡು ಚರಣ ಹಾಡಿದ್ಲು.

ಶೋ ಮುಗಿದ್ಮೇಲೆ ಕೇಬಲ್ ಸುತ್ತುತಾ ನನ್ನ ಪಕ್ಕ ಬಂದು "ನೀನು ಕೆಳಗೆ ನೋಡ್ದೆ" ಅಂದ್ಲು. ಅಷ್ಟೇ. ಆ ತಿಂಗಳು ಒಪ್ಕೊಂಡಿದ್ದ ಗಿಗ್‌ಗಳನ್ನೆಲ್ಲ ಹಾಡಿ ಮುಗಿಸಿ ಬ್ಯಾಂಡ್ ಬಿಟ್ಲು. ಆ ಕುಡುಕನ ಮುಖ ನಂಗೆ ನೆನಪಿಲ್ಲ ಮಗಳೇ, ಅವಳು ತಿರುಗಿ ನೋಡಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ನಾವು ಯಾಕೆ ನಿಲ್ಲಿಸಲ್ಲ ಅಂತ ಬಹಳ ಯೋಚ್ನೆ ಮಾಡಿದೀನಿ. ಮೊದಲ ದಿನದಿಂದ ನಮಗೆ ಕಲಿಸೋದೇ ನಿಲ್ಲಿಸಬೇಡ ಅಂತ. ತಂತಿ ಕಿತ್ತೋಗ್ಲಿ, ಸಾಲು ಮರೆತುಹೋಗ್ಲಿ, ಕರೆಂಟ್ ಹೋಗ್ಲಿ, ತಾಳ ಬಿಡಬೇಡ. ಅದು ಒಳ್ಳೇ ಪಾಠಾನೇ, ಆದ್ರೆ ಮನುಷ್ಯ ಮನುಷ್ಯನ ಮೇಲೆ ಕೈ ಹಾಕೋದು ತಂತಿ ಕಿತ್ತೋದ ಹಾಗಲ್ಲ ಅನ್ನೋದನ್ನ ಯಾರೂ ಹೇಳ್ಕೊಡಲ್ಲ. ಇನ್ನೊಂದು ದುಡ್ಡಿನ ಭಯ. ಕ್ಲಬ್ ನಡೆಯೋದು ನಮ್ಮ ಹಾಡಿಂದ ಅಲ್ಲ, ಬಾರಿಂದ, ಗಲಾಟೆ ಮಾಡೋನೇ ಆವತ್ತಿನ ದೊಡ್ಡ ಬಿಲ್ ಕೊಡೋನೂ ಆಗಿರಬಹುದು, ಅವನನ್ನ ಎದುರು ಹಾಕ್ಕೊಂಡ್ರೆ ಮುಂದಿನ ಸಲ ಮ್ಯಾನೇಜರ್ ಕರೆಯಲ್ಲ ಅಂತ ಐದು ಜನಕ್ಕೂ ಒಳಗೊಳಗೇ ಲೆಕ್ಕ ಓಡ್ತಿರುತ್ತೆ. ಹಾಗಾಗಿ ಎಲ್ಲರೂ ಸೇರಿ, ಒಬ್ಬರಿಗೊಬ್ಬರು ಏನೂ ಹೇಳದೇನೇ, ಮುಂದೆ ನಿಂತಿರೋ ಒಬ್ಬಳ ಮೇಲೆ ಎಲ್ಲಾ ಹೊರೆ ಹಾಕಿಬಿಡ್ತೀವಿ. ಅವಳು ನಗ್ತಾ ಸಂಭಾಳಿಸಿದ್ರೆ ಪ್ರೊಫೆಷನಲ್ ಅಂತ ಹೊಗಳ್ತೀವಿ. ನೀನೂ ಅವನನ್ನ ಏನೋ ತಮಾಷೆ ಮಾಡಿ ಕೆಳಗಿಳಿಸಿದೆ ಅಂದ್ಯಲ್ಲ, ಅದು ಜಾಣತನ, ಧೈರ್ಯ, ನಾನು ಅದನ್ನ ಸಣ್ಣದು ಮಾಡ್ತಿಲ್ಲ. ಆದ್ರೆ ಅದು ನಿನ್ನೊಬ್ಬಳ ಕೆಲಸ ಆಗಬಾರದಿತ್ತು.

ನಾನು ಆರಾಧಿಸೋ ಅಮೆರಿಕದ ಜಾಜ್ ಬೇಸಿಸ್ಟ್ ಚಾರ್ಲ್ಸ್ ಮಿಂಗಸ್ ಬಗ್ಗೆ ನಿಂಗೆ ಸಾವಿರ ಸಲ ಹೇಳಿದೀನಿ. ಕ್ಲಬ್ಬಲ್ಲಿ ಜನ ಮಾತಾಡಿದ್ರೆ ಆಯಪ್ಪ ಸುಮ್ನೆ ಬಿಡ್ತಿರ್ಲಿಲ್ಲ. 1960ರಲ್ಲಿ ನ್ಯೂಯಾರ್ಕಿನ ಒಂದು ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮಾಡುವಾಗ, ಅಲ್ಲಿ ಕೇಳುಗರು ಯಾರೂ ಇಲ್ಲ, ಆದ್ರೂ ಎದುರಿಗೆ ಕ್ಲಬ್ ತುಂಬಾ ಜನ ಇದಾರೆ ಅನ್ನೋ ಹಾಗೆ, ದಯವಿಟ್ಟು ಗ್ಲಾಸಲ್ಲಿ ಐಸ್ ಅಲ್ಲಾಡಿಸಬೇಡಿ, ಕ್ಯಾಶ್ ರಿಜಿಸ್ಟರ್ ಸದ್ದು ಮಾಡಬೇಡಿ ಅಂತ ಹೇಳಿ ಶುರು ಮಾಡ್ತಾನೆ. ಮೊದಲು ಕೇಳಿದಾಗ ನಂಗೆ ಗಂಟಲು ಕಟ್ಟಿತ್ತು. ಎಷ್ಟು ವರ್ಷ ಆ ಐಸಿನ ಸದ್ದನ್ನ ಸಹಿಸ್ಕೊಂಡಿದ್ರೆ ಖಾಲಿ ರೂಮಲ್ಲೂ ಅದೇ ನೆನಪಾಗುತ್ತೆ ನೋಡು.

ಆದ್ರೆ ನಿಂಗೆ ನಾನು ಹೇಳ್ಬೇಕು ಅಂತಿರೋದು ಅದಕ್ಕಿಂತ ಹಳೇದು. 1939ರಲ್ಲಿ ಅದೇ ಊರಿನ ಕೆಫೆ ಸೊಸೈಟಿ ಅನ್ನೋ ಕ್ಲಬ್ಬಲ್ಲಿ ಬಿಲ್ಲಿ ಹಾಲಿಡೇ ಅನ್ನೋ ಜಾಜ್ ಹಾಡುಗಾರ್ತಿ, ಕಪ್ಪು ಜನರನ್ನ ಮರಕ್ಕೆ ನೇತುಹಾಕಿ ಕೊಲ್ತಿದ್ದುದರ ಬಗ್ಗೆ ಒಂದು ಹಾಡು ಹಾಡೋಕೆ ಶುರು ಮಾಡಿದ್ಲು. ಅಂಥ ಹಾಡನ್ನ ಕುಡಿಯೋಕೆ ಬಂದಿರೋ ಜನರ ಮುಂದೆ ಹಾಡೋದು ಅಂದ್ರೆ ಏನು ಅಂತ ನಿಂಗೆ ಹೇಳ್ಬೇಕಿಲ್ಲ. ಆ ಕ್ಲಬ್ಬಿನ ಮಾಲೀಕ ಬಾರ್ನಿ ಜೋಸೆಫ್‌ಸನ್ ಏನ್ ಮಾಡ್ದ ಗೊತ್ತಾ, ಅದನ್ನ ಕೊನೇ ಹಾಡು ಮಾಡ್ದ, ಅದು ಶುರುವಾಗೋ ಮೊದಲು ವೇಟರ್‌ಗಳು ಸರ್ವಿಸ್ ಪೂರ್ತಿ ನಿಲ್ಲಿಸ್ಬೇಕು, ಲೈಟೆಲ್ಲ ಆರಬೇಕು, ಅವಳ ಮುಖದ ಮೇಲೆ ಒಂದೇ ಒಂದು ಬೆಳಕು, ಹಾಡು ಮುಗಿದ್ಮೇಲೆ ಎನ್‌ಕೋರ್, ಅಂದ್ರೆ ಒನ್ಸ್ ಮೋರ್, ಇಲ್ಲ. ಅಂದ್ರೆ ಆ ನಿಶ್ಶಬ್ದನ ಅವಳೊಬ್ಬಳೇ ಗಿಟ್ಟಿಸ್ಕೊಂಡಿದ್ದಲ್ಲ. ಮಾಲೀಕ, ವೇಟರು, ಲೈಟಿನವನು, ಬಾರಿನವನು ಎಲ್ಲ ಸೇರಿ ಅವಳಿಗೆ ಅದನ್ನ ಮಾಡಿಕೊಟ್ರು.

ಆಮೇಲೆ 1987ರಲ್ಲಿ ವಾಷಿಂಗ್ಟನ್ನಲ್ಲಿ ಮೊದಲ ಶೋ ಕೊಟ್ಟ ಫುಗಾಜಿ ಅನ್ನೋ ಪಂಕ್ ಬ್ಯಾಂಡು. ಮುಂದೆ ನಿಂತವರನ್ನ ಒದ್ದು ತಳ್ಳಾಡೋರು ಕಂಡ್ರೆ ಹಾಡು ನಿಲ್ಲಿಸಿ, ಹೆಸರು ಹಿಡಿದು ಬೈಯೋದಲ್ಲ, ಶಾಂತವಾಗಿ ಹೇಳೋರು, ಕೇಳದಿದ್ರೆ ಟಿಕೆಟ್ ದುಡ್ಡು ವಾಪಸ್ ಕೊಟ್ಟು ಹೊರಗೆ ಕಳಿಸೋರು. ದುಡ್ಡು ವಾಪಸ್ ಕೊಟ್ಮೇಲೆ ಅವನಿಗೆ ಜಗಳಕ್ಕೆ ಕಾರಣಾನೇ ಉಳಿಯಲ್ಲ, ಅದು ನಂಗೆ ಬಹಳ ಇಷ್ಟವಾದ ವಿಷ್ಯ.

ನಾನು ಎಲ್ಲಾ ಗಲಾಟೆಗೂ ನಿಲ್ಸು ಅಂತ ಹೇಳ್ತಿಲ್ಲ. ಕೂಗೋನು ಬೇರೆ, ಮುಟ್ಟೋನು ಬೇರೆ. ಬೇರೆ ಯಾವುದೋ ಹಾಡು ಹಾಡು ಅಂತ ಕಿರುಚೋರು, ಜೊತೆಗೆ ಅಪಸ್ವರದಲ್ಲಿ ಹಾಡೋರು, ಮುಖಕ್ಕೆ ಫೋನ್ ಹಿಡಿಯೋರು, ಇವರನ್ನ ಬಿಟ್ಬಿಡು. ಜೋರಾಗಿ ಮಾತಾಡೋ ಟೇಬಲ್ ಇದ್ರೆ ವಾಲ್ಯೂಮ್ ಏರಿಸೋಕೆ ಹೋಗ್ಬೇಡ. ಸುತ್ತ ಸದ್ದು ಜಾಸ್ತಿ ಆದಷ್ಟೂ ಮನುಷ್ಯ ತನಗೆ ಗೊತ್ತಿಲ್ದೇನೇ ದನಿ ಏರಿಸ್ತಾನೆ, ಲೊಂಬಾರ್ಡ್ ಎಫೆಕ್ಟ್ ಅಂತಾರೆ ಅದನ್ನ, ಫ್ರಾನ್ಸಿನ ಒಬ್ಬ ಕಿವಿ ಡಾಕ್ಟರ ಹೆಸರು. ನೀನು ಏರಿಸಿದ್ರೆ ಅವರೂ ಏರಿಸ್ತಾರೆ, ಕೊನೆಗೆ ಹೋಗೋದು ನಿನ್ನ ಗಂಟಲು. ಬದಲಿಗೆ ಡ್ರಮ್ಸ್ ಪೂರ್ತಿ ಬಿಟ್ಟು ಗಿಟಾರ್ ಒಂದನ್ನೇ ಇಟ್ಕೊಂಡು ನಾಲ್ಕು ಸಾಲು ಮೆತ್ತಗೆ ಹಾಡು, ಅವರ ಮಾತು ಅವರಿಗೇ ಕೇಳಿಸಿ ತಾವೇ ತಗ್ಗಿಸ್ತಾರೆ. ಯಾವಾಗ್ಲೂ ಅಲ್ಲ, ಆದ್ರೆ ತುಂಬ ಸಲ ಆಗಿದ್ದನ್ನ ನೋಡಿದೀನಿ.

ಮೈಯಿಗೆ, ಮೈಕಿಗೆ, ವಾದ್ಯಕ್ಕೆ ಕೈ ಬಂದ್ರೆ ಅಥವಾ ಏನಾದ್ರೂ ಎಸೆದ್ರೆ ಮಾತ್ರ ಹಾಡು ಮುಗೀಲಿ ಅಂತ ಕಾಯೋದು ಬೇಡ. 2023ರ ಜೂನಲ್ಲಿ ಅಮೆರಿಕದ ಹಾಡುಗಾರ್ತಿ ಬೀಬಿ ರೆಕ್ಸಾಗೆ ಹಾಡ್ತಿರುವಾಗ್ಲೇ ಯಾರೋ ಫೋನ್ ಎಸೆದು ಕಣ್ಣಿನ ಹತ್ರ ಹೊಲಿಗೆ ಹಾಕಿಸ್ಕೊಳ್ಳೋ ಹಾಗಾಯ್ತು, ಒಂದು ಸೆಕೆಂಡಿನ ಕೆಲಸ ಅದು.

ಇಷ್ಟೆಲ್ಲ ಹೇಳಿ ಇನ್ನೊಂದು ಹೇಳದಿದ್ರೆ ತಪ್ಪಾಗುತ್ತೆ. ಅವನನ್ನ ಕೈಯಿಂದ ತಳ್ಳಬೇಡ. ನಿನ್ನ ಬ್ಯಾಂಡಿನವರಿಗೂ ಹೇಳು, ಮುಖ್ಯವಾಗಿ ಆ ಬಿಸಿ ರಕ್ತದ ಗಿಟಾರ್ ಹುಡುಗನಿಗೆ. 2010ರಲ್ಲಿ ಪ್ರಾಗ್‌ನ ಒಂದು ಕ್ಲಬ್ಬಲ್ಲಿ ಲ್ಯಾಂಬ್ ಆಫ್ ಗಾಡ್ ಅನ್ನೋ ಅಮೆರಿಕದ ಮೆಟಲ್ ಬ್ಯಾಂಡಿನ ಶೋ ನಡೀತಿದ್ದಾಗ ಸ್ಟೇಜ್ ಹತ್ತಿದ ಒಬ್ಬ ಹುಡುಗ ಕೆಳಗೆ ಬಿದ್ದು ತಲೆಗೆ ಪೆಟ್ಟಾಗಿ ಆಮೇಲೆ ತೀರ್ಕೊಂಡ. ಹಾಡುಗಾರ ರ‍್ಯಾಂಡಿ ಬ್ಲೈತ್ ತಳ್ಳಿದ್ದ ಅಂತ ಕೇಸು. ಎರಡು ವರ್ಷ ಆದ್ಮೇಲೆ ಅದೇ ಊರಿಗೆ ಶೋಗೆ ಹೋದಾಗ ಏರ್‌ಪೋರ್ಟಲ್ಲೇ ಹಿಡಿದ್ರು, ಐದು ವಾರದಷ್ಟು ಜೈಲಲ್ಲಿದ್ದ, 2013ರಲ್ಲಿ ಕೋರ್ಟು ಶಿಕ್ಷೆ ಇಲ್ಲ ಅಂತ ಬಿಡ್ತು. ಜಾಮೀನಲ್ಲಿ ಹೊರಗೆ ಬಂದವನು ವಿಚಾರಣೆಗೆ ತಾನಾಗೇ ವಾಪಸ್ ಹೋಗಿದ್ದ, ಅದನ್ನ ಮೆಚ್ಕೋಬೇಕು. ಆದ್ರೆ ಒಬ್ಬ ಹುಡುಗ ಹಾಡು ಕೇಳೋಕೆ ಅಂತ ಮನೆಯಿಂದ ಹೋದವನು ವಾಪಸ್ ಬರಲಿಲ್ಲ. ಒಂದಡಿ ಎತ್ತರದ ಸ್ಟೇಜಿಂದ ಹಿಂದಕ್ಕೆ ಬಿದ್ರೂ ತಲೆ ನೆಲಕ್ಕೇ ಬೀಳೋದು. ಇಳಿಸೋ ಕೆಲಸ ಬೌನ್ಸರ್‌ದು. ನಿಮ್ಮ ಕೆಲಸ ನಿಲ್ಲಿಸೋದು.

ಈ ನಿಲ್ಲಿಸೋದನ್ನ ಪ್ರಾಕ್ಟೀಸ್ ಮಾಡಿ, ನಿಜವಾಗ್ಲೂ ಹೇಳ್ತಿದೀನಿ. ಎಂಡಿಂಗ್ ಎಲ್ಲ ನೂರು ಸಲ ಪ್ರಾಕ್ಟೀಸ್ ಮಾಡ್ತೀರ, ಇದನ್ನ ಒಂದು ಸಲಾನೂ ಮಾಡಲ್ಲ. ನೀನು ಎಡಗೈ ಮುಷ್ಟಿ ಮಾಡಿ ಮೇಲೆತ್ತಿದ್ರೆ, ಅಥವಾ ನೀನು ಎತ್ತೋ ಸ್ಥಿತೀಲಿ ಇಲ್ಲ ಅಂತ ಡ್ರಮ್ಮರ್‌ಗೆ ಅನ್ಸಿದ್ರೆ, ಅವನು ಸಿಂಬಲ್ ತಟ್ಟೆ ಕೈಯಲ್ಲಿ ಹಿಡಿದು ನಿಲ್ಲಿಸ್ಬೇಕು, ಮುಂದಿನ ಬೀಟಿಗೆ ಎಲ್ಲರ ಕೈ ತಂತಿ ಮೇಲೆ ಸುಮ್ನೆ. ಡ್ರಮ್ಮರ್‌ಗೇ ಯಾಕೆ ಹೇಳ್ತಿದೀನಿ ಅಂದ್ರೆ ನಿನ್ನ ಕಣ್ಣಿಗೆ ಲೈಟ್ ಹೊಡೀತಿರುತ್ತೆ, ಎದುರಿಗೆ ಬರೋರು ನಿಂಗೆ ಕಪ್ಪು ಕಪ್ಪಾಗಿ ಕಾಣ್ತಾರೆ, ಹಿಂದೆ ಕೂತವನಿಗೆ ನೀನೂ ಕಾಣ್ತೀಯ ಬರೋನೂ ಕಾಣ್ತಾನೆ. ಶೋಗೆ ಮೊದಲು ಸೌಂಡ್‌ಚೆಕ್ ಟೈಮಲ್ಲೇ ಸೌಂಡ್ ಇಂಜಿನಿಯರ್ ಹತ್ರ ಹೋಗಿ, ನಾವು ಹೀಗೆ ನಿಲ್ಲಿಸಿದ್ರೆ ಬೇರೆ ಮೈಕೆಲ್ಲ ಮ್ಯೂಟ್ ಮಾಡಿ ನನ್ನದೊಂದು ಬಿಡಿ, ಹಾಲಿನ ಲೈಟ್ ಹಾಕ್ಸಿ ಅಂತ ಹೇಳಿಡು. ಬೌನ್ಸರ್ ಹೆಸರು ಕೇಳ್ಕೋ, ಎಲ್ಲಿ ನಿಂತಿರ್ತಾರೆ ಅಂತ ಕೇಳ್ಕೋ. ಸಂಗೀತ ಪಟ್ ಅಂತ ನಿಂತು ಲೈಟ್ ಬಂದ ಕೂಡ್ಲೇ ಏನಾಗುತ್ತೆ ಅಂದ್ರೆ, ಅಲ್ಲಿವರೆಗೆ ನಮ್ಮ ಸದ್ದಿನ ಮರೇಲಿ ಆಟ ಆಡ್ತಿದ್ದವನು ಒಮ್ಮೆಗೇ ಇನ್ನೂರು ಜನರ ಮುಂದೆ ಒಬ್ಬನೇ ನಿಂತಿರ್ತಾನೆ. ನೀನು ಆಗ ಹೆಚ್ಚು ಮಾತಾಡೋದೂ ಬೇಕಿಲ್ಲ. ಇವರು ಕೆಳಗಿಳಿದ ಮೇಲೆ ಮುಂದುವರಿಸ್ತೀವಿ ಅನ್ನು, ಕಾಯಿ.

ಮ್ಯಾನೇಜರ್ ಮುಖ ಗಂಟಿಕ್ಕಬಹುದು, ಆ ಕ್ಲಬ್ಬಿಂದ ಮತ್ತೆ ಫೋನ್ ಬರದೇನೂ ಇರಬಹುದು. ಹೋಗ್ಲಿ ಬಿಡು.

ಮುಂದಿನ ಶನಿವಾರದ ಗಿಗ್‌ಗೆ ಮೊದಲು ಹುಡುಗರನ್ನ ಕೂರಿಸ್ಕೊಂಡು ಈ ಮಾತು ಆಡು. ನನ್ನ ಕಥೆ ಹೇಳ್ಬೇಕು ಅನ್ಸಿದ್ರೆ ಹೇಳು, ನನ್ನ ಅಭ್ಯಂತರ ಇಲ್ಲ. ಬೇಸ್ ನುಡಿಸೋ ಹುಡುಗನಿಗಂತೂ ಹೇಳು, ಅವನು ನಿನ್ನ ಪಕ್ಕದಲ್ಲೇ ನಿಲ್ಲೋನು. ಮತ್ತೆ ಶೋ ಮುಗಿದ್ಮೇಲೆ ಎಷ್ಟೊತ್ತಾದ್ರೂ ಸರಿ ಫೋನ್ ಮಾಡು, ನಾನು ಎದ್ದಿರ್ತೀನಿ. ಏನಾದ್ರೂ ಆಗಿದ್ರೆ ನೀನು ಹೇಗೆ ಸಂಭಾಳಿಸಿದೆ ಅಂತ ಮೊದಲು ಕೇಳಲ್ಲ. ಮೊದಲು ಕೈ ನಿಲ್ಲಿಸಿದ್ದು ಯಾರು ಅಂತ ಕೇಳ್ತೀನಿ.

ಅಪ್ಪ