ಔಷಧಿ ಕೊಟ್ಟ ಮೇಲಿನ ಅರ್ಧ ಗಂಟೆ

ಮಾನ್ಯ ಸಂಪಾದಕರೇ,

ಪ್ರತಿಜೀವಕಗಳ (ಆ್ಯಂಟಿಬಯಾಟಿಕ್‌ಗಳ) ಅತಿಬಳಕೆಯ ಕುರಿತು ಪತ್ರಿಕೆಗಳಲ್ಲಿ ಆಗಾಗ ಲೇಖನಗಳು ಬರುತ್ತಿರುತ್ತವೆ. ವೈದ್ಯರು ಯೋಚಿಸಿ ಬರೆಯಬೇಕು, ಔಷಧಿ ಅಂಗಡಿಯವರು ಚೀಟಿಯಿಲ್ಲದೆ ಕೊಡಬಾರದು, ರೋಗಿಗಳು ತಮ್ಮಷ್ಟಕ್ಕೆ ತಾವೇ ಅರ್ಧಕ್ಕೆ ನಿಲ್ಲಿಸಬಾರದು ಎಂಬ ಮೂರು ಮಾತುಗಳು ಅವುಗಳಲ್ಲಿ ತಪ್ಪದೆ ಇರುತ್ತವೆ. ಮೂರೂ ಸರಿಯೇ. ಆದರೆ ವೈದ್ಯರ ಚೀಟಿಗೂ ರೋಗಿಯ ರಕ್ತನಾಳಕ್ಕೂ ನಡುವೆ ಇನ್ನೊಬ್ಬರು ನಿಂತಿರುತ್ತಾರೆ, ಅವರ ಕೆಲಸದ ಬಗ್ಗೆ ಯಾರೂ ಬರೆಯುವುದಿಲ್ಲ. ಶ್ವಾಸಕೋಶ ರೋಗಗಳ ವಾರ್ಡಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಶುಶ್ರೂಷಕಿಯಾಗಿ ಆ ಕೆಲಸದ ಕುರಿತು ನಾಲ್ಕು ಮಾತು ಬರೆಯಲು ತಮ್ಮ ಅಂಕಣದಲ್ಲಿ ಸ್ವಲ್ಪ ಜಾಗ ಕೋರುತ್ತೇನೆ.

ಪ್ರತಿಜೀವಕದ ಮೊದಲ ಡೋಸ್ ಕೊಡುವ ಮೊದಲೇ ನಮ್ಮ ಕೆಲಸ ಶುರುವಾಗುತ್ತದೆ. ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಕಲ್ಚರ್‌ ಪರೀಕ್ಷೆಗೆ ಹೇಳಿದ್ದರೆ ಔಷಧಿ ಹನಿಯುವ ಮುನ್ನವೇ ರಕ್ತ ತೆಗೆಯಬೇಕು, ಏಕೆಂದರೆ ಒಂದು ಡೋಸ್ ಒಳಗೆ ಹೋದ ಮೇಲೆ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು, ಆಮೇಲೆ ಯಾವ ಔಷಧಿ ನಾಟುತ್ತದೆ ಎಂದು ಊಹಿಸುತ್ತಾ ಕೂರಬೇಕಾಗುತ್ತದೆ. ಹಾಗೆಂದು ರಕ್ತ ತೆಗೆಯುವ ನೆಪದಲ್ಲಿ ತಡ ಮಾಡುವಂತೆಯೂ ಇಲ್ಲ. ಸೋಂಕು ರಕ್ತಕ್ಕೆ ಏರಿ ರಕ್ತದೊತ್ತಡ ಕುಸಿಯುತ್ತಿರುವ ರೋಗಿಗೆ ಗುರುತಿಸಿದ ಒಂದು ಗಂಟೆಯೊಳಗೆ ಪ್ರತಿಜೀವಕ ಸಿಗಬೇಕು. ಈ ಎರಡರ ನಡುವೆ ಅಲರ್ಜಿಯ ಪ್ರಶ್ನೆಯನ್ನೂ ಕೇಳಬೇಕು. ‘ಪೆನಿಸಿಲಿನ್ ಆಗಿಬರುತ್ತದೆಯೇ?’ ಎಂದಷ್ಟೇ ಕೇಳಿದರೆ ಪ್ರಯೋಜನವಿಲ್ಲ. ಪೆನಿಸಿಲಿನ್ ತಮಗೆ ಆಗುವುದಿಲ್ಲ ಎನ್ನುವವರು ನೂರಕ್ಕೆ ಸುಮಾರು ಹತ್ತು ಮಂದಿ ಇರುತ್ತಾರೆ, ಪರೀಕ್ಷಿಸಿ ನೋಡಿದರೆ ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಆ ಅಲರ್ಜಿ ಇರುವುದೇ ಇಲ್ಲ. ಹಿಂದೆ ಎಂದೋ ಮಾತ್ರೆ ತಿಂದಾಗ ವಾಂತಿಯಾಗಿತ್ತು ಎಂಬುದು ಅಡ್ಡಪರಿಣಾಮ, ಅಲರ್ಜಿಯಲ್ಲ. ಮೈಮೇಲೆ ದದ್ದು ಎದ್ದಿತೇ, ತುಟಿ ಊದಿತೇ, ಉಸಿರು ಕಟ್ಟಿತೇ, ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಆಯಿತು, ಆಗ ವಯಸ್ಸೆಷ್ಟು ಎಂದು ಬಿಡಿಸಿ ಕೇಳಿ ಬರೆದಿಟ್ಟರೆ ವೈದ್ಯರಿಗೆ ದಾರಿ ಕಾಣುತ್ತದೆ. ಕೇಳದೆ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ‘ಅಲರ್ಜಿ’ ಎಂದು ಬರೆದುಬಿಟ್ಟರೆ, ಸರಳ ಔಷಧಿಯಲ್ಲಿ ಗುಣವಾಗಬಹುದಾಗಿದ್ದ ರೋಗಿ ಜೀವನಪೂರ್ತಿ ಹೆಚ್ಚು ಪ್ರಬಲವಾದ, ಕೊನೆಯ ಅಸ್ತ್ರವೆಂದು ಕಾದಿಡಬೇಕಾದ ಪ್ರತಿಜೀವಕಗಳ ಪಾಲಾಗುತ್ತಾರೆ.

ನಾನು ಶೀರ್ಷಿಕೆಯಲ್ಲಿ ಹೇಳಿದ ಅರ್ಧ ಗಂಟೆ ಇದಾದ ಮೇಲಿನದು. ಜೀವಕ್ಕೆ ಎರವಾಗುವಂಥ ಅಲರ್ಜಿ ಇಂಜೆಕ್ಷನ್ ರೂಪದಲ್ಲಿ ಕೊಟ್ಟ ಔಷಧಿಗೆ ಬಹುತೇಕ ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಅದು ಮೊದಲು ಕಾಣಿಸಿಕೊಳ್ಳುವುದು ಮಾನಿಟರಿನಲ್ಲಿ ಅಲ್ಲ. ರೋಗಿ ಅಂಗೈ ಕೆರೆದುಕೊಳ್ಳುತ್ತಾರೆ, ಮತ್ತೆ ಮತ್ತೆ ಗಂಟಲು ಸರಿಮಾಡಿಕೊಳ್ಳುತ್ತಾರೆ, ‘ಸಿಸ್ಟರ್, ಯಾಕೋ ಒಂಥರಾ ಆಗ್ತಿದೆ’ ಎನ್ನುತ್ತಾರೆ. ಆ ಮಾತನ್ನು ಕೇಳಿಸಿಕೊಳ್ಳಲು ಹತ್ತಿರದಲ್ಲಿ ಯಾರಾದರೂ ಇರಬೇಕು. ಆಸ್ತಮಾ ರೋಗಿಯಲ್ಲಂತೂ ಇದು ಇನ್ನೂ ನಾಜೂಕು. ಅವರ ಎದೆಯಲ್ಲಿ ಮೊದಲೇ ಸುಯ್‌ಗುಟ್ಟುವ ಸದ್ದು ಇರುವುದರಿಂದ, ಹೊಸದಾಗಿ ಎದ್ದ ಉಬ್ಬಸವನ್ನು ಹಳೆಯ ರೋಗದ್ದೇ ಎಂದು ಭಾವಿಸಿ ಕೈ ತಾನಾಗಿ, ಔಷಧಿಯನ್ನು ಮಂಜಾಗಿಸಿ ಉಸಿರಿನೊಂದಿಗೆ ಕೊಡುವ ನೆಬ್ಯುಲೈಸರ್‌ ಕಡೆಗೆ ಹೋಗುತ್ತದೆ. ಮಾಡಬೇಕಾದದ್ದು ಬೇರೆ: ಡ್ರಿಪ್ ನಿಲ್ಲಿಸಿ, ಸಹಾಯಕ್ಕೆ ಕೂಗಿ, ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು, ವಯಸ್ಕರಿಗೆ 0.5 ಮಿಲಿಗ್ರಾಂ. ನೆಬ್ಯುಲೈಸರ್‌ ಅದಾದ ಮೇಲೆ. ಕೆಲವು ಪ್ರತಿಜೀವಕಗಳಲ್ಲಿ ಕೊಡುವ ವೇಗವೇ ತೊಂದರೆ ತರುತ್ತದೆ. ವ್ಯಾಂಕೊಮೈಸಿನ್ ಒಂದು ಗ್ರಾಂ ಹನಿಯಲು ಕನಿಷ್ಠ 60 ನಿಮಿಷ ಬೇಕು. ಅವಸರ ಮಾಡಿದರೆ ಮುಖ, ಕುತ್ತಿಗೆ, ಎದೆಯೆಲ್ಲ ಕೆಂಪೇರಿ ತುರಿಕೆ ಹತ್ತಿ ರಕ್ತದೊತ್ತಡ ಇಳಿಯಬಹುದು. ಜೆಂಟಾಮೈಸಿನ್, ಅಮಿಕಾಸಿನ್‌ಗಳಲ್ಲಿ ಕಾಯುವಿಕೆ ಇನ್ನೂ ದೀರ್ಘ, ದಿನಗಟ್ಟಲೆಯದು. ಇವು ಮೂತ್ರಪಿಂಡಕ್ಕೂ ಕಿವಿಗೂ ಹಾನಿ ಮಾಡಬಲ್ಲವು, ಹಾಗಾಗಿ ಮೂತ್ರದ ಪ್ರಮಾಣ ಅಳೆಯಬೇಕು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ವರದಿ ನೋಡಬೇಕು, ಕಿವಿಯಲ್ಲಿ ಗುಂಯ್‌ಗುಡುತ್ತಿದೆಯೇ, ಎದ್ದು ನಿಂತರೆ ತಲೆ ಸುತ್ತುತ್ತದೆಯೇ ಎಂದು ಕೇಳಬೇಕು.

ಗಡಿಯಾರದ ಮಾತನ್ನೂ ಹೇಳಿಬಿಡುತ್ತೇನೆ. ಎಂಟು ಗಂಟೆಗೊಮ್ಮೆ ಎಂದು ಬರೆದದ್ದು ‘ದಿನಕ್ಕೆ ಮೂರು ಸಲ’ ಎಂದು ಅರ್ಥವಾದ ಕೂಡಲೇ ಅದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯಾಗಿ ಬದಲಾಗುತ್ತದೆ, ರಾತ್ರಿಯಿಂದ ಬೆಳಗಿನವರೆಗೆ ಹನ್ನೆರಡು ಗಂಟೆಯ ಅಂತರ ಬೀಳುತ್ತದೆ. ಪೆನಿಸಿಲಿನ್ ಜಾತಿಯ ಔಷಧಿಗಳು ಕೆಲಸ ಮಾಡುವುದು ರಕ್ತದಲ್ಲಿ ಅವುಗಳ ಮಟ್ಟ ಒಂದು ಮಿತಿಗಿಂತ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಮೇಲೆ. ಹಾಗಾಗಿ ಬೆಳಗಿನ ಜಾವ ದೀಪ ಹಾಕಿ ಎಬ್ಬಿಸುವ ದಾದಿಯ ಮೇಲೆ ದಯವಿಟ್ಟು ಸಿಡುಕಬೇಡಿ.

ಉಸಿರಾಟದ ಔಷಧಿಗಳೂ ಪ್ರತಿಜೀವಕಗಳೂ ಒಂದೇ ಮೈಯಲ್ಲಿ ಸೇರಿದಾಗ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ವೃತ್ತಿಯ ಆರಂಭದ ವರ್ಷಗಳಲ್ಲಿ, ದೀರ್ಘಕಾಲದ ಶ್ವಾಸನಾಳ ರೋಗಕ್ಕೆ ವರ್ಷಗಳಿಂದ ಥಿಯೋಫಿಲಿನ್ ಮಾತ್ರೆ ನುಂಗುತ್ತಿದ್ದ ಹಿರಿಯರೊಬ್ಬರಿಗೆ ಮೂತ್ರದ ಸೋಂಕಿಗೆಂದು ಸಿಪ್ರೊಫ್ಲಾಕ್ಸಾಸಿನ್ ಶುರುವಾಯಿತು. ಒಂದನ್ನು ಬರೆದವರು ಒಬ್ಬ ವೈದ್ಯರು, ಇನ್ನೊಂದನ್ನು ಬರೆದವರು ಮತ್ತೊಬ್ಬರು. ಮೂರನೆಯ ದಿನ ಅವರು ಎರಡು ಸಲ ವಾಂತಿ ಮಾಡಿಕೊಂಡರು. ಮಾತ್ರೆಯಿಂದಾದ ಹೊಟ್ಟೆಯುರಿ ಇರಬೇಕೆಂದು ಬರೆದು ನಾನು ಪಾಳಿ ಬಿಟ್ಟುಕೊಟ್ಟೆ. ರಾತ್ರಿ ಪಾಳಿಗೆ ಬಂದ ಹಿರಿಯ ಸಹೋದ್ಯೋಗಿ ಅವರಿಗೆ ನೀರು ಕೊಡುವಾಗ ಲೋಟ ಹಲ್ಲಿಗೆ ಬಡಿದು ಟಕಟಕ ಸದ್ದು ಮಾಡಿದ್ದನ್ನು ಗಮನಿಸಿದರಂತೆ. ಕೈ ಹಿಡಿದು ನಾಡಿ ಎಣಿಸಿದರೆ ನಿಮಿಷಕ್ಕೆ ನೂರಮೂವತ್ತರ ಹತ್ತಿರ, ಅದೂ ನಡುನಡುವೆ ತಪ್ಪುತ್ತಿತ್ತು. ಕೂಡಲೇ ವೈದ್ಯರನ್ನು ಕರೆಸಿದರು, ಥಿಯೋಫಿಲಿನ್ ನಿಂತಿತು, ಹಿರಿಯರು ಉಳಿದುಕೊಂಡರು. ಸಿಪ್ರೊಫ್ಲಾಕ್ಸಾಸಿನ್, ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್‌ಗಳು ಯಕೃತ್ತಿನಲ್ಲಿ ಥಿಯೋಫಿಲಿನ್ ಕರಗುವುದಕ್ಕೆ ಅಡ್ಡ ಬರುತ್ತವೆ. ಈ ಔಷಧಿಯಲ್ಲಿ ಉಪಕಾರಕ್ಕೂ ಅಪಾಯಕ್ಕೂ ನಡುವಿನ ಅಂತರ ಬಹಳ ಕಿರಿದು. ರಕ್ತದಲ್ಲಿ ಮಿಲಿಲೀಟರಿಗೆ 20 ಮೈಕ್ರೋಗ್ರಾಂ ದಾಟಿತೆಂದರೆ ವಾಂತಿ, ನಡುಕ, ಎದೆಬಡಿತ ಮೇಲೇಳುತ್ತವೆ, ಇನ್ನೂ ಏರಿದರೆ ಫಿಟ್ಸ್ ಬರುತ್ತದೆ. ಧೂಮಪಾನಿ ಆಸ್ಪತ್ರೆಗೆ ಸೇರಿ ಒಮ್ಮೆಲೇ ಸೇದುವುದನ್ನು ಬಿಟ್ಟರೂ ಇದೇ ಮಟ್ಟ ಏರುತ್ತದೆ ಎಂಬುದು ಎಷ್ಟೋ ಮಂದಿಗೆ ತಿಳಿಯದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ನದು ಇದಕ್ಕೆ ತದ್ವಿರುದ್ಧ ಸ್ವಭಾವ, ಅದು ಥಿಯೋಫಿಲಿನ್ ಮಟ್ಟವನ್ನು ಇಳಿಸುತ್ತದೆ. ನಾನು ವಾಂತಿಯನ್ನು ಬರೆದಿದ್ದೆ, ನಾಡಿಯನ್ನು ಎಣಿಸಿರಲಿಲ್ಲ.

ಇಂಥ ಜೋಡಿಗಳು ಬೇರೆಯೂ ಇವೆ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಅನ್ನು ಮೇಲಿಂದ ಮೇಲೆ ನೆಬ್ಯುಲೈಸ್ ಮಾಡಿದರೆ, ಜೊತೆಗೆ ಸ್ಟಿರಾಯ್ಡ್ ಕೂಡ ಇದ್ದರೆ ಇನ್ನೂ ಹೆಚ್ಚಾಗಿ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಹಾಗೆ ಇಳಿದಿರುವಾಗ ಅಜಿಥ್ರೊಮೈಸಿನ್‌ನಂಥ ಪ್ರತಿಜೀವಕ ಹೃದಯದ ಲಯ ತಪ್ಪಿಸುವ ಸಾಧ್ಯತೆ ಹೆಚ್ಚು. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವ ವಯಸ್ಸಾದವರಿಗೆ ಲೀವೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕ ಸೇರಿದರೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಊದಬಹುದು, ಅಪರೂಪಕ್ಕೆ ಹರಿಯಲೂಬಹುದು. ‘ಹಿಮ್ಮಡಿ ನೋವು’ ಎಂದು ರೋಗಿ ಹೇಳಿದಾಗ ಮುಲಾಮು ಹಚ್ಚಿ ಸುಮ್ಮನಾಗದೆ ವೈದ್ಯರಿಗೆ ತಿಳಿಸುವುದು ದಾದಿಯ ಹೊಣೆ. ಆಮ್ಲಜನಕವೂ ಔಷಧಿಯೇ ಎಂಬುದನ್ನು ರೋಗಿಯ ಮನೆಯವರಿಗೆ ಒಪ್ಪಿಸುವುದು ನಮಗೆ ದಿನನಿತ್ಯದ ಕಷ್ಟ. ದೀರ್ಘಕಾಲದ ಶ್ವಾಸನಾಳ ರೋಗಿಗಳಲ್ಲಿ ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಯಂತ್ರ ಸಾಮಾನ್ಯವಾಗಿ ಶೇಕಡಾ 88ರಿಂದ 92 ತೋರಿಸುವಂತೆ ಇಟ್ಟರೆ ಸಾಕು. ನೂರು ಕಾಣಲಿ ಎಂದು ಗುಂಡಿ ತಿರುಗಿಸಿದರೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ರೋಗಿ ಮಂಪರಿಗೆ ಜಾರಬಹುದು. ಯಾರೂ ಇಲ್ಲದ ಹೊತ್ತಿನಲ್ಲಿ ಪ್ರೀತಿಯಿಂದಲೇ ಗುಂಡಿ ತಿರುಗಿಸಿದ ಮಕ್ಕಳನ್ನು ನಾನು ಕಂಡಿದ್ದೇನೆ.

ಇನ್ಹೇಲರ್‌ ವಿಷಯಕ್ಕೆ ಬಂದರೆ, ‘ಗೊತ್ತಾಯಿತಾ?’ ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಎಲ್ಲರೂ ಗೊತ್ತಾಯಿತು ಎಂದೇ ಹೇಳುತ್ತಾರೆ. ‘ಒಂದು ಸಲ ಮಾಡಿ ತೋರಿಸಿ’ ಎಂದಾಗ ನಿಜ ಗೊತ್ತಾಗುತ್ತದೆ. ಪುಡಿಯ ಇನ್ಹೇಲರ್‌ ಬಳಸುತ್ತಿದ್ದ ಒಬ್ಬರು ಅದನ್ನು ಬಾಯಿಗಿಟ್ಟು ಮೊದಲು ಜೋರಾಗಿ ಊದಿದರು; ಔಷಧಿಯೆಲ್ಲ ಅವರ ಮೀಸೆಯ ಮೇಲೆ ಬಿಳಿಯಾಗಿ ಕೂತಿತ್ತು, ಆರು ತಿಂಗಳಿಂದ ಅವರು ಹಾಗೆಯೇ ಮಾಡುತ್ತಿದ್ದರು. ಇನ್ನೊಬ್ಬರು ಆ ಯಂತ್ರಕ್ಕೆ ಹಾಕಬೇಕಾದ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗುತ್ತಿದ್ದರು. ಔಷಧಿ ನಾಟುತ್ತಿಲ್ಲವೆಂದು ಇಬ್ಬರಿಗೂ ಡೋಸ್ ಹೆಚ್ಚಾಗಿತ್ತು. ಒತ್ತಿ ಸಿಂಪಡಿಸುವ ಇನ್ಹೇಲರ್‌ನಲ್ಲಿ ನಿಧಾನವಾಗಿ, ಆಳವಾಗಿ ಎಳೆಯಬೇಕು; ಪುಡಿಯದಾದರೆ ಜೋರಾಗಿ, ಒಂದೇ ಸಲಕ್ಕೆ. ಎರಡರಲ್ಲೂ ಮೊದಲು ಉಸಿರನ್ನು ಹೊರಗೆ ಬಿಡಬೇಕು, ಆದರೆ ಯಂತ್ರದೊಳಕ್ಕೆ ಅಲ್ಲ, ಆಚೆಗೆ. ಎಳೆದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಬಿಗಿಹಿಡಿಯಬೇಕು. ಕೈಗೂ ಉಸಿರಿಗೂ ತಾಳ ಕೂಡದವರಿಗೆ, ಅಂದರೆ ಮಕ್ಕಳಿಗೆ, ವೃದ್ಧರಿಗೆ, ಸಿಂಪಡಿಸುವ ಇನ್ಹೇಲರ್‌ ಜೊತೆ ಸ್ಪೇಸರ್ (ಔಷಧಿಯ ಮಂಜನ್ನು ಹಿಡಿದಿಡುವ ಕೊಳವೆ) ಬೇಕೇ ಬೇಕು. ಸ್ಟಿರಾಯ್ಡ್ ಇನ್ಹೇಲರ್‌ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆ, ಅಂಗುಳಿನ ಮೇಲೆ ಬಿಳಿ ಶಿಲೀಂಧ್ರ ಬೆಳೆಯುತ್ತದೆ. ಅದೇ ಸಮಯದಲ್ಲಿ ಪ್ರತಿಜೀವಕವೂ ನಡೆಯುತ್ತಿದ್ದರೆ ಬಾಯಿಯ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತು ಆ ಶಿಲೀಂಧ್ರಕ್ಕೆ ರಾಜಮಾರ್ಗವೇ ಸಿಕ್ಕಂತಾಗುತ್ತದೆ. ಊಟ ಸೇರುತ್ತಿಲ್ಲ ಎನ್ನುವ ರೋಗಿಗೆ ಬಾಯಿ ತೆರೆಯಲು ಹೇಳಿ, ಟಾರ್ಚ್ ಹಿಡಿದು ನೋಡಿ. ಎಷ್ಟೋ ಸಲ ಕಾರಣ ಅಲ್ಲೇ ಕಾಣುತ್ತದೆ. ಶ್ವಾಸನಾಳ ಹಿಗ್ಗಿಸುವ ಇನ್ನೊಂದು ಔಷಧಿಯಾದ ಇಪ್ರಟ್ರೋಪಿಯಂ ನೆಬ್ಯುಲೈಸ್ ಮಾಡುವಾಗ ಮಾಸ್ಕ್ ಸಡಿಲವಿದ್ದರೆ ಮಂಜು ಕಣ್ಣಿಗೆ ಹೋಗಿ, ಗ್ಲೂಕೋಮಾ ಇರುವವರಲ್ಲಿ ಕಣ್ಣಿನ ಒತ್ತಡ ಏರಬಹುದು. ಅಂಥವರಿಗೆ ಬಾಯಲ್ಲಿ ಕಚ್ಚಿ ಹಿಡಿಯುವ ನಳಿಕೆ ಮೇಲು.

ಪ್ರತಿಜೀವಕ ತೆಗೆದುಕೊಳ್ಳುತ್ತಿರುವವರಿಗೆ, ನಿಲ್ಲಿಸಿ ಕೆಲವು ವಾರಗಳಾದ ಮೇಲೂ ಸಹ, ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರಾಗಿ ಬೇಧಿಯಾದರೆ ಅಂಗಡಿಯಿಂದ ಬೇಧಿ ನಿಲ್ಲಿಸುವ ಮಾತ್ರೆ ತಂದು ನುಂಗಬಾರದು, ಆಸ್ಪತ್ರೆಗೆ ತಿಳಿಸಬೇಕು. ಅದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದಿಂದ ಆಗಿದ್ದರೆ ಅದರ ಬೀಜಕಗಳು ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಸಾಯುವುದಿಲ್ಲ, ಸಾಬೂನು ನೀರಿನಲ್ಲಿ ಕೈ ತೊಳೆಯಲೇಬೇಕು. ಮನೆಗೆ ಹೋದ ಮೇಲಿನ ಮಾತ್ರೆಗಳಲ್ಲಿ ಡಾಕ್ಸಿಸೈಕ್ಲಿನ್ ಅನ್ನು ಒಂದು ಲೋಟ ತುಂಬ ನೀರಿನೊಂದಿಗೆ ಕುಳಿತೋ ನಿಂತೋ ನುಂಗಿ, ಅರ್ಧ ಗಂಟೆಯಾದರೂ ಮಲಗದಿರಬೇಕು, ಇಲ್ಲವಾದರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣಾಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಅನ್ನು ಹಾಲು, ಕಬ್ಬಿಣಾಂಶದ ಮಾತ್ರೆ, ಆ್ಯಂಟಾಸಿಡ್‌ಗಳ ಜೊತೆ ತೆಗೆದುಕೊಂಡರೆ ಔಷಧಿ ಹೊಟ್ಟೆಯಲ್ಲೇ ಕಟ್ಟಿಹಾಕಿಕೊಂಡು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ಇಷ್ಟೆಲ್ಲ ಬರೆದ ಉದ್ದೇಶಕ್ಕೆ ಬರುತ್ತೇನೆ. ನಾನು ಕೆಲಸ ಮಾಡಿದ ಕಡೆಗಳಲ್ಲೆಲ್ಲ ಔಷಧಿಯ ದಾಖಲೆ ಹಾಳೆಯಲ್ಲಿ ಪ್ರತಿ ಡೋಸಿಗೂ ಒಂದು ಚೌಕವಿರುತ್ತಿತ್ತು, ಕೊಟ್ಟ ಹೊತ್ತು ಬರೆದು ಸಹಿ ಹಾಕಿದರೆ ಕೆಲಸ ಮುಗಿಯಿತು. ಕೊಟ್ಟ ಮೇಲೆ ಏನು ನೋಡಿದೆವು ಎಂದು ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ಜಾಗವಿಲ್ಲದ ಕೆಲಸಕ್ಕೆ ಸಮಯವೂ ಸಿಗುವುದಿಲ್ಲ, ಸಿಬ್ಬಂದಿಯ ಲೆಕ್ಕವನ್ನೂ ಸಹಿಗಳ ಎಣಿಕೆಯ ಮೇಲೆಯೇ ಹಾಕಲಾಗುತ್ತದೆ. ನಲವತ್ತು ಹಾಸಿಗೆಗೆ ಇಬ್ಬರು ದಾದಿಯರಿದ್ದ ರಾತ್ರಿಗಳಲ್ಲಿ ನಾನು ಎಲ್ಲ ಚೌಕಗಳನ್ನೂ ಹೊತ್ತಿಗೆ ಸರಿಯಾಗಿ ತುಂಬಿದ್ದೇನೆ. ಎಷ್ಟು ರೋಗಿಗಳ ಪಕ್ಕದಲ್ಲಿ ನಿಂತಿದ್ದೆ ಎಂದು ಯಾರೂ ಕೇಳಲಿಲ್ಲ. ಆಸ್ಪತ್ರೆಗಳನ್ನು ನಡೆಸುವವರಲ್ಲಿ ನನ್ನ ಬೇಡಿಕೆ ಮೂರೇ. ಮೊದಲ ಡೋಸ್ ಪ್ರತಿಜೀವಕಕ್ಕೂ, ಪ್ರತಿ ನೆಬ್ಯುಲೈಸೇಷನ್ನಿಗೂ ದಾಖಲೆ ಹಾಳೆಯಲ್ಲಿ ಇನ್ನೊಂದು ಚೌಕ ಇರಲಿ: ನಾಡಿ, ಉಸಿರಿನ ವೇಗ, ಚರ್ಮ, ರೋಗಿ ಹೇಳಿದ ಮಾತು. ಆ ಚೌಕ ತುಂಬಲು ಬೇಕಾದ ನಿಮಿಷಗಳನ್ನು ಪಾಳಿಯ ಸಿಬ್ಬಂದಿಯನ್ನು ನಿಗದಿ ಮಾಡುವಾಗ ಲೆಕ್ಕಕ್ಕೆ ಹಿಡಿಯಲಿ. ಬಿಡುಗಡೆಯ ದಿನ ಬಿಲ್ಲಿನ ಸರದಿಯಲ್ಲಿ ನಿಂತಿರುವ ಮನೆಯವರ ಕೈಗೆ ಇನ್ಹೇಲರ್‌ ಡಬ್ಬಿ ತುರುಕಿ ಕಳಿಸುವ ಬದಲು, ರೋಗಿಯೇ ಅದನ್ನು ಬಳಸಿ ತೋರಿಸುವವರೆಗೆ ಹತ್ತು ನಿಮಿಷ ಕೂತು ಕಲಿಸಲು ಒಬ್ಬ ಶುಶ್ರೂಷಕಿಗೆ ಬಿಡುವು ಕೊಡಲಿ.

ಓದುಗರಲ್ಲಿಯೂ ಒಂದು ಕೋರಿಕೆಯಿದೆ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಚೀಟಿಗಳ ಜೊತೆಗೆ ಮನೆಯಲ್ಲಿ ಬಳಸುತ್ತಿರುವ ಎಲ್ಲ ಮಾತ್ರೆಗಳನ್ನೂ, ಇನ್ಹೇಲರನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ದಾದಿ ಅದನ್ನು ಕೈಗೆತ್ತಿಕೊಂಡು ‘ಮಾಡಿ ತೋರಿಸಿ’ ಎಂದರೆ ಸಂಕೋಚಪಡದೆ ಅವರೆದುರಿಗೇ ಎಳೆದು ತೋರಿಸಿ.

ಇಂತಿ,
ಒಬ್ಬ ನಿವೃತ್ತ ಶುಶ್ರೂಷಕಿ